ಎರಡನೆಯ ಸೀಸೆ

ಬಾಳೆಹಣ್ಣಿನ ಕೊನೆಯ ಚಮಚ ನುಂಗಿದ ಫ್ರೇಮಿನಂಗಡಿಯವನು ಬಾಯಿ ಅಗಲಿಸಿ, ನಾಲಿಗೆಯನ್ನು ಅಂಗುಳಿನ ಕಡೆಗೆ ಎತ್ತಿ ತೋರಿಸಿದ.

ಕಾಂಪೌಂಡರಮ್ಮನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

ಇದೇ ಆಸ್ಪತ್ರೆಯ ಔಷಧದ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತು ಎದ್ದವಳು ಅವಳು. ನಿವೃತ್ತಿಯಾದ ಮೇಲೆ ಜನರ ಗುಟ್ಟು ಹುಡುಕಿಕೊಡುವ ಕೆಲಸ ಹಿಡಿದಿದ್ದಳು. ಔಷಧದ ಕಿಟಕಿಯಲ್ಲಿ ಕೂತವರಿಗೆ ಊರಿನ ಅರ್ಧ ಗುಟ್ಟು ಹೇಗೂ ಗೊತ್ತಿರುತ್ತದೆ, ಇನ್ನರ್ಧಕ್ಕೆ ಚಪ್ಪಲಿ ಸವೆಸಿದರಾಯಿತು ಎಂಬುದು ಅವಳ ಲೆಕ್ಕಾಚಾರ. ನಾಲಿಗೆ ಎತ್ತಿ ತೋರಿಸುವುದೆಂದರೇನು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನುಂಗಿದ್ದೇನೆ, ಕೆನ್ನೆಯ ಸಂದಿಯಲ್ಲಿ ಅಡಗಿಸಿಟ್ಟಿಲ್ಲ, ಅನುಮಾನವಿದ್ದರೆ ನೋಡಿಕೊ.

ಮಾತ್ರೆ ನುಂಗಿದವರು ಹಾಗೆ ತೋರಿಸುತ್ತಾರೆ. ಬಾಳೆಹಣ್ಣು ತಿಂದವರು ಯಾರೂ ತೋರಿಸುವುದಿಲ್ಲ.

ಗೋಡೆಯ ಗಡಿಯಾರದಲ್ಲಿ ಐದು. ಆರು ಗಂಟೆಗೆ ನರರೋಗದ ಡಾಕ್ಟರು ಸುತ್ತು ಬಂದು ಇವನ ಹಳದಿ ಮಾತ್ರೆಯನ್ನು ದಿನಕ್ಕೆ ಮೂರರಿಂದ ನಾಲ್ಕಕ್ಕೆ ಏರಿಸುವವರಿದ್ದರು. ನಾಲ್ಕು ದಾಟಿದರೆ ಅಪಾಯವೆಂದು ಆ ಮಾತ್ರೆಯ ಜೊತೆ ಬರುವ ಕಾಗದದಲ್ಲೇ ದಪ್ಪಕ್ಷರದಲ್ಲಿ ಇತ್ತು. ಮೊದಲು ನಿದ್ದೆಯ ಮಂಕು, ಆಮೇಲೆ ನುಂಗುವ ಶಕ್ತಿಯೇ ಹೋಗುವುದು.

ಬೇರೆ ಯಾರೋ ಇವನಿಗೆ ಆಗಲೇ ನಾಲ್ಕಕ್ಕಿಂತ ಹೆಚ್ಚು ನುಂಗಿಸುತ್ತಿದ್ದರೆ?

ಫ್ರೇಮಿನವನು ಮಂಚದಿಂದ ಎದ್ದ. ಕಿಟಕಿಯ ತನಕ ಹೋದ, ಬಂದ, ಕೂತ, ಮತ್ತೆ ಎದ್ದ. ನಲವತ್ತೊಂಬತ್ತು ವರ್ಷದ ಮನುಷ್ಯ. ಚಿತ್ರಗಳಿಗೆ ಚೌಕಟ್ಟು ಕಟ್ಟುವ ಅಂಗಡಿ ಇಟ್ಟವನು, ಗಾಜು ಕತ್ತರಿಸುವುದರಲ್ಲಿ ಎತ್ತಿದ ಕೈ. ಎಂಟು ವರ್ಷದ ಹಿಂದೆ ಆ ಕೈಗೆ ಅವನ ತಾಯಿಯ ಕಾಯಿಲೆ ಇಳಿದು ಬಂದಿತು. ಹೆತ್ತವರಲ್ಲಿ ಒಬ್ಬರಿಗಿದ್ದರೆ ಮಕ್ಕಳಲ್ಲಿ ಯಾರಿಗೆ ಬೇಕಾದರೂ ಬರಬಹುದು, ಬಾರದೆಯೂ ಇರಬಹುದು. ಪ್ರತಿಯೊಬ್ಬರಿಗೂ ನಾಣ್ಯ ಚಿಮ್ಮಿದ ಹಾಗೆ. ಬಂದವರ ಮಿದುಳು ಕೊಂಚಕೊಂಚವಾಗಿ ಸವೆಯುತ್ತದೆ, ಬೆರಳು, ಭುಜ, ಹುಬ್ಬು ಹೇಳದೆ ಕೇಳದೆ ಕುಣಿಯುತ್ತವೆ. ಹಳದಿ ಮಾತ್ರೆ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಕುಣಿತವನ್ನು ಹಿಡಿದು ಕೂರಿಸುತ್ತದೆ, ಅಷ್ಟೇ.

ಮೂರು ವಾರದಿಂದ ಕುಣಿತ ಹೆಚ್ಚಾಗಿದೆ ಎಂದು ಮನೆಯವರು ಹೇಳಿದರು. ಮೊನ್ನೆ ಮೆಟ್ಟಿಲಿಂದ ಬಿದ್ದ ಮೇಲೆ ಡಾಕ್ಟರೂ ಒಪ್ಪಿದರು. ಆದರೆ ಕಾಂಪೌಂಡರಮ್ಮ ಬೆಳಗಿನಿಂದ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಅವು ಸುಮ್ಮನಿದ್ದವು. ಕಲ್ಲಿನಂತೆ ಸುಮ್ಮನಿದ್ದವು. ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದವನು ಇಡೀ ಮನುಷ್ಯ. ಅದು ಕಾಯಿಲೆಯ ಕುಣಿತವಲ್ಲ. ಮಾತ್ರೆ ಹೆಚ್ಚಾದವರ ಚಡಪಡಿಕೆ. ಕಿಟಕಿಯ ಎದುರಿನ ಬೆಂಚಿನ ಮೇಲೆ ಅಂಥವರನ್ನು ಅವಳು ಎಷ್ಟೋ ಕಂಡಿದ್ದಳು. ಕಂಡವಳು ಅವಳು, ಡಾಕ್ಟರಲ್ಲವಲ್ಲ; ಬರಿಯ ಅನುಮಾನದ ಮೇಲೆ ಯಾವ ಡಾಕ್ಟರು ಕೈ ತಡೆದಾರು? ಯಾರು ಕೊಟ್ಟರು, ಎಷ್ಟು ಕೊಟ್ಟರು ಎಂದು ಕೊಟ್ಟವರ ಬಾಯಿಂದಲೇ ಬರಬೇಕಿತ್ತು. ಆರು ಗಂಟೆಯೊಳಗೆ.

ಅಷ್ಟರಲ್ಲಿ ಅವನ ಹೆಂಡತಿ ನೀರಿನ ಬಾಟಲಿ ಹಿಡಿದು ಒಳಗೆ ಬಂದಳು. ಬಂದವಳ ಕಣ್ಣು ಮೊದಲು ಹೋದದ್ದು ಚಮಚಕ್ಕೆ.

"ನೀವು ತಿನ್ನಿಸಿದ್ರಾ?"

"ಎರಡು ಚಮಚ. ತಿಂದಾದ ಮೇಲೆ ನಾಲಿಗೆ ಎತ್ತಿ ತೋರಿಸಿದ್ರು."

ಹೆಂಡತಿಯ ಮುಖ ಸಣ್ಣಗಾಯಿತು. "ನಿಮಗಾ?"

"ನನಗೇ."

"ಅದು ನಾನು ಕಲಿಸಿದ್ದು," ಎಂದಳು, ಮನೆಯ ಬೀಗದ ಕೈ ಬೇರೆಯವರ ಸೊಂಟದಲ್ಲಿ ಕಂಡವಳ ಹಾಗೆ. "ಹೋದ ವರ್ಷ ಮಾತ್ರೆ ಕೆನ್ನೇಲಿಟ್ಕೊಂಡು ಆಮೇಲೆ ಉಗೀತಿದ್ರು. ಅದಕ್ಕೇ ಅಭ್ಯಾಸ ಮಾಡಿಸ್ದೆ. ಬೆಳಿಗ್ಗೆ ಎಂಟಕ್ಕೆ ಒಂದು, ಎರಡಕ್ಕೆ ಒಂದು, ರಾತ್ರಿ ಎಂಟಕ್ಕೆ ಒಂದು. ನನ್ನ ಹತ್ರ ಬಿಟ್ಟು ಯಾರ ಹತ್ರನೂ ಹಾಗೆ ಮಾಡಲ್ಲ ಅವರು."

"ಬಾಳೆಹಣ್ಣು ಯಾರು ಕೊಡ್ತಾರೆ?"

"ಇನ್ಯಾರು, ಅತ್ತಿಗೆ." ಗಂಡನ ಅಕ್ಕನ ವಿಷಯ ಬಂದೊಡನೆ ಅವಳ ದನಿಗೆ ಇಸ್ತ್ರಿ ಬಿತ್ತು. "ಮೊದಲೆಲ್ಲಾ ಭಾನುವಾರಕ್ಕೊಂದು ಸಲ ಬರ್ತಿದ್ರು. ಈಗ ಮೂರು ವಾರದಿಂದ ದಿನಾ ಹನ್ನೊಂದಕ್ಕೆ, ಐದಕ್ಕೆ ಹಾಜರು. ಹಣ್ಣು ಅವರೇ ಕಿವುಚಬೇಕು, ಅವರೇ ತಿನ್ನಿಸಬೇಕು. ನಾನು ಬಾಗಿಲಲ್ಲಿ ನಿಂತ್ರೆ 'ಸ್ವಲ್ಪ ಗಾಳಿ ಬರ್ಲಿ' ಅಂತಾರೆ. ಇಪ್ಪತ್ತೆರಡು ವರ್ಷ ಆಯ್ತು ನಾನು ಆ ಮನೆಗೆ ಬಂದು. ಒಂದು ದಿನ ಬಾ, ಹೋಗು ಅಂತ ನನ್ನ ಮುಖ ನೋಡಿ ಅಂದವರಲ್ಲ. 'ನನ್ನ ತಮ್ಮನ ಹೆಂಡತಿ ಎಲ್ಲಿ' ಅಂತ ನನ್ನನ್ನೇ ಕೇಳ್ತಾರೆ."

"ಹಣ್ಣು ತಿಂದಾದ ಮೇಲೆ ಅವರಿಗೂ ನಾಲಿಗೆ ತೋರಿಸ್ತಾರಾ ಇವರು?"

ಹೆಂಡತಿ ಬಾಟಲಿಯ ಮುಚ್ಚಳ ತಿರುಗಿಸಿದಳು, ಮತ್ತೆ ತಿರುಗಿಸಿದಳು. ತನ್ನ ಗಂಡನಿಗೆ ಯಾರೋ ಕದ್ದು ಮಾತ್ರೆ ಕೊಡುತ್ತಿರಬಹುದು ಎಂಬುದು ಅವಳ ತಲೆಗೆ ಇನ್ನೂ ಹೊಕ್ಕಿರಲಿಲ್ಲ. ಅವನು ಇನ್ನೊಬ್ಬರ ಮುಂದೆ ನಾಲಿಗೆ ಎತ್ತುತ್ತಾನೆ ಎಂಬುದು ಮಾತ್ರ ಹೊಕ್ಕಿತ್ತು.

ಕಾಂಪೌಂಡರಮ್ಮ ಕೆಳಗಿಳಿದಳು. ಈ ಕೆಲಸಕ್ಕೆ ಅವಳನ್ನು ಕರೆಸಿದ್ದೇ ಆ ಅತ್ತಿಗೆ, ನಿವೃತ್ತ ಗಣಿತದ ಮೇಡಂ. 'ನನ್ನ ತಮ್ಮನ ಹೆಂಡತಿ ಅವನ ಮಾತ್ರೆ ಕದಿಯುತ್ತಿದ್ದಾಳೆ, ಹಿಡಿದುಕೊಡಿ' ಎಂಬುದು ಮೇಡಂ ಒಪ್ಪಿಸಿದ್ದ ಕೆಲಸ. ಮೂರು ದಿನ ಹುಡುಕಿದರೂ ಹೆಂಡತಿಯ ಡಬ್ಬಿಯಲ್ಲಿ ಒಂದು ಮಾತ್ರೆ ಹೆಚ್ಚಿರಲಿಲ್ಲ, ಒಂದು ಕಡಿಮೆಯಿರಲಿಲ್ಲ.

ಔಷಧದ ಕಿಟಕಿ ಈಗ ಕಿಟಕಿಯಾಗಿ ಉಳಿದಿರಲಿಲ್ಲ. ಉದ್ದಕ್ಕೂ ಗಾಜು, ಮೇಲೆ ಕೆಂಪು ಅಂಕಿ ಹೊಳೆಯುವ ಹಲಗೆ, ಕೂರಲು ಕುರ್ಚಿ. ಅವಳ ಕಾಲದಲ್ಲಿ ಸಾಲು ಗೇಟಿನ ತನಕ ಬೆಳೆಯುತ್ತಿತ್ತು, ಜನ ಅವಳನ್ನು ಬಾಯಿತುಂಬ ಬೈಯುತ್ತಿದ್ದರು. ಈಗ ಸಾಲೇ ಇಲ್ಲ. ಬೈಯುವವರೂ ಇಲ್ಲ. ಆ ನೆಮ್ಮದಿ ನೋಡಿ ಅವಳ ಹೊಟ್ಟೆಯಲ್ಲಿ ಸಣ್ಣದೊಂದು ಉರಿ ಎದ್ದಿತು. ಹೊಸ ಫಾರ್ಮಸಿಸ್ಟು ಎದ್ದು ನಿಂತು ನಮಸ್ಕಾರ ಬೇರೆ ಮಾಡಿದ. ಅದು ಇನ್ನೂ ಕೆಟ್ಟದು.

"ಹೇಳಿ ಅಮ್ಮಾ."

"ಆ ಹಳದಿ ಮಾತ್ರೆ, ಉದ್ದ ಹೆಸರಿನದು. ಊರಿಗೆಲ್ಲಾ ಅದು ನಿನ್ನ ಹತ್ರ ಮಾತ್ರ ಬರೋದು. ಫ್ರೇಮ್ ಅಂಗಡಿಯವರಿಗೆ ಬಿಟ್ಟು ಇನ್ಯಾರಿಗಾದ್ರೂ ಕೊಡ್ತೀಯಾ?"

"ರೋಗಿಗಳ ವಿವರ ಹೇಳೋ ಹಾಗಿಲ್ಲ ಅಮ್ಮಾ. ನಿಯಮ. ನೀವೇ ಬರೆದಿಟ್ಟು ಹೋಗಿದ್ದೀರಿ, ನೋಡಿ, ಇಲ್ಲೇ ಅಂಟಿಸಿದೆ."

"ಇಲ್ಲ ಅಂತ ಹೇಳೋದಕ್ಕೆ ಯಾವ ನಿಯಮನೂ ಅಡ್ಡ ಬರಲ್ಲಪ್ಪ," ಎಂದಳು ಕಾಂಪೌಂಡರಮ್ಮ. "ಒಬ್ಬರೇ ಇದ್ದಿದ್ರೆ ನೀನು 'ಬೇರೆ ಯಾರೂ ಇಲ್ಲ' ಅಂದು ಕೈ ತೊಳ್ಕೋತಿದ್ದೆ. ಇನ್ನೊಬ್ಬರಿದ್ದಾರೆ, ಅದಕ್ಕೇ ನಿಯಮ ನೆನಪಾಯ್ತು."

ಅವನ ಕಿವಿ ಕೆಂಪಾಯಿತು. ಅವಳಿಗೆ ಎಷ್ಟೋ ಹಗುರಾಯಿತು. ಗಾಜು, ಅಂಕಿ ಹಲಗೆ ಎಲ್ಲ ಅವನದೇ ಇರಲಿ. ಬಾಯಿ ಮುಚ್ಚಿಕೊಳ್ಳುವ ವಿದ್ಯೆ ಅವನಿಗಿನ್ನೂ ಬಂದಿರಲಿಲ್ಲ.

ಐದೂಕಾಲು. ಅಂದರೆ ಊರಲ್ಲಿ ಅದೇ ಮಾತ್ರೆಯ ಎರಡನೆಯ ಸೀಸೆ ಒಂದಿದೆ. ಕಾಯಿಲೆ ರಕ್ತದಲ್ಲೇ ಬರುವಂಥದು. ಹಾಗಾದರೆ ತಾಯಿಯ ಇನ್ನೊಬ್ಬ ಸಂತಾನ, ಮೇಡಂ, ತನಗೂ ಬಂದ ಕಾಯಿಲೆಯನ್ನು ಮುಚ್ಚಿಟ್ಟು, ತನ್ನ ಪಾಲಿನ ಮಾತ್ರೆಯನ್ನು ತಮ್ಮನಿಗೆ ತಿನ್ನಿಸುತ್ತಿದ್ದಾಳೆ. ಮೆಟ್ಟಿಲು ಹತ್ತುತ್ತಾ ಕಾಂಪೌಂಡರಮ್ಮನಿಗೆ ಇದು ಬಹಳ ಚೆನ್ನಾಗಿ ಹೊಂದಿಕೊಂಡಂತೆ ಕಂಡಿತು. ಅಷ್ಟು ಚೆನ್ನಾಗಿ ಹೊಂದಿದ್ದಕ್ಕೇ ಅನುಮಾನ ಪಡಬೇಕಿತ್ತು.

ಮೇಡಂ ತಮ್ಮನ ಕೋಣೆಯಿದ್ದ ಮೂರನೆಯ ಮಹಡಿಯ ಬೆಂಚಿನ ಮೇಲೆ ಕೂತು ಪತ್ರಿಕೆಯ ಸುಡೊಕು ಬಿಡಿಸುತ್ತಿದ್ದಳು. ಪೆನ್ನಿನಲ್ಲಿ. ಐವತ್ತಾರು ವರ್ಷ, ಬಿಗಿದ ತುರುಬು, ತೊಡೆಯ ಮೇಲೆ ಚೀಲ.

"ಏನಾದ್ರೂ ಸಿಕ್ತಾ?" ಎಂದಳು ತಲೆಯೆತ್ತದೆ. "ನನ್ನ ತಮ್ಮನ ಹೆಂಡತಿ ಬಾಯಿ ಬಿಟ್ಟಳಾ?"

"ಬಿಟ್ಟಿದ್ದು ನಿಮ್ಮ ತಮ್ಮ. ಬಾಯಿ ಬಿಟ್ಟು ನಾಲಿಗೆ ಎತ್ತಿದ್ರು. ಬಾಳೆಹಣ್ಣಿಗೆ." ಕಾಂಪೌಂಡರಮ್ಮ ಪಕ್ಕದಲ್ಲಿ ಕೂತಳು. "ಹಣ್ಣಲ್ಲಿ ಏನು ಕಿವುಚ್ತೀರಿ ಮೇಡಂ?"

ಪೆನ್ನು ನಿಂತಿತು.

"ನಿಮ್ಮನ್ನ ಕರೆಸಿದ್ದು ನಾನು."

"ಹೌದು. ಅದಕ್ಕೇ ನಿಮ್ಮನ್ನ ಕೊನೆಗೆ ನೋಡ್ದೆ. ನನ್ನ ತಪ್ಪು. ದಿನಕ್ಕೆ ಎಷ್ಟು?"

"ನೀವು ಮಾತಾಡ್ತಿರೋದು..."

"ಮೇಡಂ, ಆರಕ್ಕೆ ಡಾಕ್ಟರು ಡೋಸು ಏರಿಸ್ತಾರೆ. ನೀವು ಕೊಡೋದು ಸೇರಿದ್ರೆ ರಾತ್ರಿ ನಿಮ್ಮ ತಮ್ಮನಿಗೆ ಎಂಜಲು ನುಂಗೋಕೂ ಆಗದೆ ಹೋಗಬಹುದು. ಲೆಕ್ಕದಲ್ಲಿ ನೀವು ನನಗಿಂತ ಜೋರು. ಎಷ್ಟು?"

ಮೇಡಂ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿದಳು, ಅಂಚಿಗೆ ಅಂಚು ಕೂಡಿಸಿ.

"ನಾಲ್ಕು ಅರ್ಧ," ಎಂದಳು. "ಬೆಳಿಗ್ಗೆ ಎರಡು, ಸಾಯಂಕಾಲ ಎರಡು. ಅವಳು ಕದ್ದಿದ್ದನ್ನ ನಾನು ವಾಪಸ್ ಕೊಡ್ತಿದ್ದೆ, ಅಷ್ಟೇ."

"ಕದ್ದಿದ್ದು?"

ಮೇಡಂ ಚೀಲದಿಂದ ಒಂದು ಬಿಳಿ ಪ್ಲಾಸ್ಟಿಕ್ ಸೀಸೆ ತೆಗೆದಳು. ಹೆಸರಿದ್ದ ಜಾಗದಲ್ಲಿ ಚೀಟಿ ಕೆರೆದು ಹೋಗಿತ್ತು. ಒಳಗೆ ಹಳದಿ ಮಾತ್ರೆಗಳು. ಎಲ್ಲವೂ ಅರ್ಧ.

"ಮೂರು ವಾರದ ಹಿಂದೆ ಅಂಗಡೀಲಿ ಗಾಜಿನ ಹಾಳೆಗಳ ಹಿಂದೆ ಸಿಕ್ತು. ನೋಡಿದ ಕೂಡಲೇ ಅರ್ಥ ಆಯ್ತು. ಅವನಿಗೆ ಅರ್ಧ ಕೊಡೋದು, ಇನ್ನರ್ಧ ಬಚ್ಚಿಡೋದು. ಬೇಗ ಮಲಗಲಿ, ಬೇಗ ಮುಗೀಲಿ ಅಂತ. ದಿನಾ ಬೇಕಾದಷ್ಟು ತೆಗೆದು ಸೀಸೆಯನ್ನ ಮತ್ತೆ ಅಲ್ಲೇ ಇಡ್ತಿದ್ದೆ, ಅವಳಿಗೆ ಗೊತ್ತಾಗಬಾರದು ಅಂತ. ಅವನು ಬಿದ್ದ ದಿನದಿಂದ ಸೀಸೆಯನ್ನೇ ತಂದ್ಬಿಟ್ಟೆ."

"ಇದನ್ನ ನನಗೆ ಮೊದಲೇ ತೋರಿಸಿದ್ರೆ ಕೆಲಸ ಅಂದೇ ಮುಗೀತಿತ್ತು."

"ತೋರಿಸಿದ್ರೆ ನೀವು ಇಸ್ಕೋತಿದ್ರಿ. ಆಮೇಲೆ ಅವನಿಗೆ ಯಾರು ಕೊಡ್ತಿದ್ರು? ಮತ್ತೆ ಅವಳೇ."

ಕಾಂಪೌಂಡರಮ್ಮನಿಗೆ ನಗು ಬರುವುದರಲ್ಲಿತ್ತು, ತಡೆದುಕೊಂಡಳು. "ಹಾಗಾದ್ರೆ ಈ ಸೀಸೆ ನಿಮ್ಮದಲ್ಲ. ನಿಮಗೆ ಕಾಯಿಲೆ ಇಲ್ಲ."

ಮೇಡಂ ಎರಡು ಕೈಯನ್ನೂ ಮುಂದೆ ಚಾಚಿದಳು. ಹತ್ತು ಬೆರಳೂ ಅಳತೆಪಟ್ಟಿ ಇಟ್ಟ ಹಾಗೆ ನಿಂತವು.

"ನಲವತ್ತನೇ ವಯಸ್ಸಲ್ಲಿ ಪರೀಕ್ಷೆ ಮಾಡಿಸ್ದೆ. ಇಲ್ಲ ಅಂದ್ರು. ಎಲ್ಲರೂ ನಿನ್ನ ಅದೃಷ್ಟ ಅಂದ್ರು. ಆಮೇಲೆ ಯಾರೂ ನನ್ನನ್ನ ಹೇಗಿದ್ದೀಯ ಅಂತ ಕೇಳಿಲ್ಲ, ಕೇಳೋಕೆ ಏನಿದೆ, ಅದೃಷ್ಟವಂತೆ." ಅವಳ ದನಿ ತರಗತಿಯ ದನಿಯಾಗಿಯೇ ಇತ್ತು. "ಅಮ್ಮನನ್ನ ಹನ್ನೆರಡು ವರ್ಷ ನೋಡ್ಕೊಂಡವಳು ನಾನು. ಕುಡಿಸಿದ್ದು, ಒರೆಸಿದ್ದು, ರಾತ್ರಿ ಹಿಡ್ಕೊಂಡು ಮಲಗಿದ್ದು. ಅಮ್ಮನ ಮೂಗು ಅವನಿಗೆ ಬಂತು. ಅಮ್ಮನ ನಗು ಅವನಿಗೆ ಬಂತು. ಕೊನೆಗೆ ಅಮ್ಮನ ಕಾಯಿಲೆನೂ ಅವನಿಗೇ. ಅವನು ಹುಬ್ಬು ಹಾರಿಸಿದಾಗ ಅಮ್ಮನೇ ಬಂದು ಕೂತ ಹಾಗಿರುತ್ತೆ. ಅಂಥವನನ್ನ ನೋಡ್ಕೊಳ್ಳೋದು ಯಾರೋ ಹೊರಗಿಂದ ಬಂದವಳು. ನೀವೇ ಹೇಳಿ, ನನಗೆ ಹೇಗಾಗಬೇಕು?"

ಕಾಯಿಲೆಗೂ ಹೊಟ್ಟೆಕಿಚ್ಚು ಪಡುವವರನ್ನು ಕಾಂಪೌಂಡರಮ್ಮ ಇದೇ ಮೊದಲು ನೋಡುತ್ತಿದ್ದಳು. ಐದು ನಿಮಿಷದ ಹಿಂದೆ ಒಂದು ಗಾಜಿನ ಗೋಡೆಗೆ ಕರುಬಿ ಬಂದವಳಿಗೆ ತೀರ್ಪು ಕೊಡುವ ಬಾಯಿಯೂ ಇರಲಿಲ್ಲ.

"ಎದ್ದೇಳಿ. ಇದನ್ನ ಡಾಕ್ಟರಿಗೆ ನೀವೇ ಹೇಳಬೇಕು."

"ಅವಳ ಮುಂದೆನಾ?"

"ಅವರ ಮುಂದೇನೇ. ಅವರು ಆ ಕೋಣೆ ಬಿಟ್ಟು ಕದಲಲ್ಲ."

"ನೀವು ಹೇಳಿ. ನಾನು ಇಲ್ಲೇ ಇರ್ತೀನಿ."

"ನಾನು ಹೇಳಿದ್ರೆ ಅನುಮಾನ. ನೀವು ಹೇಳಿದ್ರೆ ಲೆಕ್ಕ. ಎಷ್ಟು ದಿನ, ಎಷ್ಟು ಅರ್ಧ, ಎಷ್ಟು ಹೊತ್ತಿಗೆ ಅಂತ ಅವರು ಕೇಳ್ತಾರೆ. ಇವತ್ತಿನ ಐದು ಗಂಟೆದು ಕೊಟ್ರಾ?"

ಮೇಡಂ ಚೀಲದ ಬಾಯಿ ಬಿಗಿಹಿಡಿದಳು. "ಇನ್ನೂ ಇಲ್ಲ. ನೀವು ಕೋಣೇಲಿದ್ರಿ."

ಐದೂಮುಕ್ಕಾಲಿಗೆ ಮೇಡಂ ಎದ್ದಳು. ಕಾರಿಡಾರಿನ ಆ ಇಪ್ಪತ್ತು ಹೆಜ್ಜೆ ನಡೆಯಲು ಅವಳಿಗೆ ಐದು ನಿಮಿಷ ಹಿಡಿಯಿತು.

ಕೋಣೆಯಲ್ಲಿ ಡಾಕ್ಟರು ಆಗಲೇ ಚೀಟಿಯ ಮೇಲೆ ಪೆನ್ನಿಟ್ಟಿದ್ದರು. ಪಕ್ಕದಲ್ಲಿ ನರ್ಸು ಔಷಧದ ತಟ್ಟೆ ಹಿಡಿದು ನಿಂತಿದ್ದಳು. ಫ್ರೇಮಿನವನು ಆಸ್ಪತ್ರೆಗೆ ಸೇರಿದಂದಿನಿಂದ ಮಾತ್ರೆ ಕೊಡುವ ಹಕ್ಕು ಅವಳದು. ಆ ವಿಷಯಕ್ಕೆ ಅವಳನ್ನು ಕಂಡರೆ ಇಬ್ಬರು ಹೆಂಗಸರಿಗೂ ಆಗುತ್ತಿರಲಿಲ್ಲ. ಅವರಿಬ್ಬರೂ ಒಮ್ಮತಕ್ಕೆ ಬಂದ ಒಂದೇ ಸಂಗತಿ ಅದು.

ಮೇಡಂ ಗೋಡೆ ನೋಡಿಕೊಂಡು ಎಲ್ಲ ಹೇಳಿದಳು. ಇಪ್ಪತ್ತೊಂದು ದಿನ, ದಿನಕ್ಕೆ ನಾಲ್ಕು ಅರ್ಧ, ಕೊನೆಯದು ಇವತ್ತು ಹನ್ನೊಂದಕ್ಕೆ. ಡಾಕ್ಟರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದರು.

"ದಿನಕ್ಕೆ ಐದು ಆಯ್ತು. ನಾನು ಆರು ಮಾಡೋದರಲ್ಲಿದ್ದೆ." ನರ್ಸಿನ ಕಡೆ ತಿರುಗಿದರು. "ರಾತ್ರಿದೂ ಬೇಡ. ನಾಳೆ ಬೆಳಿಗ್ಗೆ ನಾನು ಬಂದು ನೋಡೋ ತನಕ ಒಂದು ಚೂರೂ ಬಾಯಿಗೆ ಹೋಗಬಾರದು. ಯಾರ ಕೈಯಿಂದನೂ."

ಹೆಂಡತಿ ಮಂಚದ ಕಬ್ಬಿಣ ಹಿಡಿದು ನಿಂತಿದ್ದಳು. ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಸೀಸೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು.

"ಇದು ನನ್ನದಲ್ಲ," ಎಂದಳು. "ನಾನು ಒಂದು ದಿನನೂ ಮಾತ್ರೆ ಮುರಿದವಳಲ್ಲ."

"ಮುರಿದಿದ್ದಲ್ಲ, ಬ್ಲೇಡಲ್ಲಿ ಕತ್ತರಿಸಿದ್ದು," ಎಂದಳು ಕಾಂಪೌಂಡರಮ್ಮ ಮೆಲ್ಲಗೆ. ಒಂದು ಅರ್ಧವನ್ನು ಅಂಗೈಗೆ ಹಾಕಿಕೊಂಡಳು. ನುಣುಪಾದ ಅಂಚು. ಗಾಜು ಕೊಯ್ದವರ ಕೈಚಳಕ. "ಡಾಕ್ಟರೇ, ಅರ್ಧ ಮಾತ್ರೆ ಯಾರಿಗೆ ಬರೀತೀರಿ?"

"ಶುರು ಮಾಡೋವಾಗ ಅರ್ಧದಿಂದಲೇ ಶುರು ಮಾಡೋದು. ಇವರಿಗೆ ಅರ್ಧ ನಿಂತು ಮೂರು ವರ್ಷ ಆಯ್ತು." ಡಾಕ್ಟರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. "ಅದಕ್ಕಿಂತ ಹೆಚ್ಚು ನನ್ನನ್ನ ಕೇಳಬೇಡಿ."

ಕೇಳುವ ಅಗತ್ಯವೇ ಇರಲಿಲ್ಲ. ಇತ್ತೀಚೆಗೆ ಕಾಯಿಲೆ ಶುರುವಾದವರು. ಅದೇ ರಕ್ತದವರು. ಅಂಗಡಿಯಲ್ಲಿ ಗಾಜು ಕತ್ತರಿಸುವವರು. ಮೇಡಂ ಲೆಕ್ಕದಿಂದ ಹೊರಗೆ, ಹೆಂಡತಿ ಹೇಗೂ ಹೊರಗಿನವಳು. ಉಳಿದದ್ದು ಒಂದೇ ಜೀವ. ತಂದೆ ಕೈಬಿಟ್ಟ ಅಂಗಡಿಯನ್ನು ಎರಡು ವರ್ಷದಿಂದ ನಡೆಸುತ್ತಿದ್ದ, ಇಪ್ಪತ್ತು ತುಂಬಿದ ಮಗಳು. ಪರೀಕ್ಷೆಯನ್ನೇ ಮಾಡಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದವಳು.

ಇಬ್ಬರು ಹೆಂಗಸರೂ ಒಂದೇ ಕ್ಷಣಕ್ಕೆ ಅಲ್ಲಿಗೆ ಬಂದು ಮುಟ್ಟಿದರು. ಒಬ್ಬರನ್ನೊಬ್ಬರು ನೋಡಿದರು.

"ನಿಮಗೆ ಹೇಳಿದ್ಲಾ?" ಎಂದಳು ಹೆಂಡತಿ. ಮೊದಲು ಬಂದ ಪ್ರಶ್ನೆ ಅದೇ.

"ಇಲ್ಲ." ಮೇಡಂ ತುಟಿ ಒದ್ದೆ ಮಾಡಿಕೊಂಡಳು. "ನಿನಗೂ ಹೇಳಿಲ್ವಾ?"

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನೇರವಾಗಿ ಆಡಿದ ಮಾತು. ಯಾರೂ ಗಮನಿಸಲಿಲ್ಲ, ಕಾಂಪೌಂಡರಮ್ಮನ ಹೊರತು.

ಬಾಗಿಲು ತಳ್ಳಿಕೊಂಡು ಮಗಳು ಬಂದಳು. ಅಂಗಡಿಯ ಏಪ್ರನ್ನು ಬಿಚ್ಚಿರಲಿಲ್ಲ, ತೋಳಿನ ಮೇಲೆ ಗಾಜಿನ ಪುಡಿ ಮಿಣುಗುತ್ತಿತ್ತು. ಓಡಿ ಬಂದವಳ ಉಸಿರು. ಅಮ್ಮನ ಕೈಯಲ್ಲಿದ್ದ ಸೀಸೆ ಕಂಡು ಕಾಲು ಕಿತ್ತಿಡದೆ ನಿಂತಳು.

"ಇದು ಇಲ್ಲಿಗೆ ಹೇಗೆ ಬಂತು? ನಾನು ನಿನ್ನೆಯಿಂದ ಅಂಗಡಿಯೆಲ್ಲಾ ತಡಕ್ತಿದ್ದೀನಿ."

ಅಮ್ಮ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಸೋದರತ್ತೆ ಮೇಡಂ ಇನ್ನೊಂದು ಪಕ್ಕದಿಂದ ಭುಜ ಹಿಡಿದಳು.

"ಯಾವಾಗಿಂದ ಕಂದಾ? ಒಬ್ಬಳೇ ಯಾಕೆ..." ಎಂದಳು ಅಮ್ಮ.

"ಅಮ್ಮ, ಬಿಡು. ಅತ್ತೆ, ನೀವೂ." ಹುಡುಗಿ ಕೈ ಎಳೆದುಕೊಂಡಳು. ಅವಳ ಬೆರಳುಗಳೂ ನೆಟ್ಟಗೇ ಇದ್ದವು. "ಅದು ನನ್ನದಲ್ಲ. ಕತ್ತರಿಸಿ ಇಡೋದು ಮಾತ್ರ ನಾನು. ಬುಧವಾರ ಬುಧವಾರ ಬಂದು ವಾರಕ್ಕಾಗೋಷ್ಟು ತಗೊಂಡು ಹೋಗ್ತಾಳೆ. ಅವಳಿರೋ ರೂಮಲ್ಲಿ ಬೇರೆಯವರೂ ಇದ್ದಾರೆ, ಸೀಸೆ ಇಡೋ ಹಾಗಿಲ್ಲ. ಮಾತ್ರೆ ಬೇಗ ಖಾಲಿ ಆಗ್ತಿತ್ತು, ಅವಳೇ ಜಾಸ್ತಿ ತಗೋತಿದ್ದಾಳೇನೋ ಅಂದ್ಕೊಂಡೆ. ನಿನ್ನೆ ಬಂದಾಗ ಸೀಸೆನೇ ಇಲ್ಲ."

"ಯಾರು?" ಎಂದಳು ಹೆಂಡತಿ.

ಹುಡುಗಿ ಮಂಚದ ಕಡೆ ನೋಡಿದಳು. ಬೆಳಗಿನಿಂದ ಒಂದು ಗಳಿಗೆ ಕೂರದ ಫ್ರೇಮಿನವನು ಈಗ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಅವನು ಮಗಳಿಗೆ ಬೇಡ ಎಂದು ತಲೆಯಾಡಿಸಿದನೋ, ಕಾಯಿಲೆಯೇ ಆಡಿಸಿತೋ, ಕಾಂಪೌಂಡರಮ್ಮನಿಗೂ ಹೇಳಲಾಗಲಿಲ್ಲ.

"ಅಕ್ಕ," ಎಂದಳು ಹುಡುಗಿ.

ಆ ಮನೆಗೆ ಅವಳೊಬ್ಬಳೇ ಮಗಳು.

ನರ್ಸಿನ ತಟ್ಟೆಯಲ್ಲಿ ಏನೋ ಸಣ್ಣಗೆ ಸದ್ದಾಯಿತು. ಮೇಡಂ ಬಾಯಿ ತೆರೆದು, ಜೀವನದಲ್ಲಿ ಮೊದಲ ಬಾರಿಗೆ ತಪ್ಪು ಉತ್ತರ ಬರೆದವಳಂತೆ ತಮ್ಮನನ್ನು ನೋಡಿದಳು. ಹೆಂಡತಿ ಅತ್ತ ನೋಡಲೇ ಇಲ್ಲ. ಅವಳ ತುಟಿ ಮಾತ್ರ ಅಲುಗುತ್ತಿತ್ತು. ಇಪ್ಪತ್ತೆರಡರಿಂದ ಹಿಂದಕ್ಕೆ ವರ್ಷಗಳನ್ನು ಎಣಿಸುತ್ತಿದ್ದಳು.

"ಎಷ್ಟು ವಯಸ್ಸು ಅವಳಿಗೆ?"

"ಇಪ್ಪತ್ತಾರು. ಕೆಳಗೆ ಕೂತಿದ್ದಾಳೆ. ನಿನ್ನೆಯಿಂದ ಮಾತ್ರೆ ಇಲ್ಲದೆ ಕೈ ನಿಲ್ತಿಲ್ಲ ಅವಳಿಗೆ." ಹುಡುಗಿ ಏಪ್ರನ್ನಿನ ತುದಿ ಹಿಂಡಿದಳು. "ಕರ್ಕೊಂಡು ಬರಲಾ?"

ಕೇಳಿದ್ದು ಅಪ್ಪನನ್ನಲ್ಲ, ಡಾಕ್ಟರನ್ನೂ ಅಲ್ಲ. ಅಮ್ಮನನ್ನು. ಸೀಸೆ ಇದ್ದದ್ದು ಅವಳ ಮುಷ್ಟಿಯಲ್ಲಿ.